ಮಂಗನಿಗೆ ಬೆನ್ನು ತೋರಿಸಬೇಡಿ

ಸಾಗರದ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಮಗಳಿಗೆ ಹನ್ನೊಂದು ವರ್ಷ. ಕುಂಗ್‌ಫು ಕ್ಲಾಸಿಗೆ ಹೋಗುತ್ತಾಳೆ, ಜೊತೆಗೆ ಸ್ವಲ್ಪ ತೈಚಿ, ಅದೇ ಆ ನಿಧಾನದ ಚೀನೀ ಕಸರತ್ತು. ಅಲ್ಲಿ ಯಾವುದಕ್ಕೂ ನೆಟ್ಟಗೆ ಒಂದು ಹೆಸರಿಲ್ಲ. ಕೊಕ್ಕರೆ ರೆಕ್ಕೆ ಬಿಚ್ಚಿತು, ಹುಂಜ ಒಂಟಿಕಾಲಲ್ಲಿ ನಿಂತಿತು, ಮಂಗನನ್ನು ಓಡಿಸು, ಬರೀ ಇದೇ. ಹೋದ ಭಾನುವಾರ ಎರಡು ಗಂಟೆ ಕೆರೆ ಏರಿಯ ಮೇಲೆ ಕೂತು ಹಕ್ಕಿ ನೋಡಿ ಬಂದಳು. ಹೋಮ್‌ವರ್ಕ್ ಹಾಗೇ ಉಳಿಯಿತು. ಕೇಳಿದರೆ, ಸರ್ ನೋಡ್ಕೊಂಡು ಬಾ ಅಂದಿದ್ದಾರೆ ಎನ್ನುತ್ತಾಳೆ. ಈ ಪ್ರಾಣಿಗಳೆಲ್ಲ ಸುಮ್ನೆ ಸಂಕೇತ, ಮೇಲೆ ಬಳಿದ ಬಣ್ಣ ಅಲ್ವಾ? ನಂಬರ್ ಕೊಟ್ಟು ಕಲಿಸಿದರೆ ಬೇಗ ಬರುವುದಿಲ್ಲವೇ? ಅಂದಹಾಗೆ, ಇದನ್ನೆಲ್ಲ ಚೀನಾಕ್ಕೆ ಹೊತ್ತುಕೊಂಡು ಹೋದವನು ನಮ್ಮ ಬೌದ್ಧ ಭಿಕ್ಷು ಬೋಧಿಧರ್ಮನಂತೆ, ಹೌದೇ?"

ನಂಬರ್ ಎಂಬ ಮಾತು ಓದಿ ಮೊದಲು ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು. ಯಾಕೆಂದರೆ ಆ ಪಾಪವನ್ನು ನಾನೇ ಮಾಡಿದ್ದೇನೆ. ಇಪ್ಪತ್ತೈದು ವರ್ಷದ ಹಿಂದೆ ಬೇರೊಂದು ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದಾಗ ತೈಚಿಯ ಮೇಲೆ ಒಂದು ಲೇಖನ ಬಂದಿತ್ತು. ಪುಟದಲ್ಲಿ ಜಾಗ ಸಾಲಲಿಲ್ಲ. ಕುದುರೆ, ಹಾವು, ಗುಬ್ಬಿ ಎಲ್ಲವನ್ನೂ ಹೊಡೆದುಹಾಕಿ ಭಂಗಿ 1, ಭಂಗಿ 2 ಅಂತ ಮಾಡಿ ಅಚ್ಚಿಗೆ ಕಳಿಸಿದೆ. ವಾರದೊಳಗೆ ಲೇಖಕರಿಂದ ಒಂದು ಕಾರ್ಡು ಬಂತು. ಒಂದೇ ಸಾಲು: "ಮನೆಯಲ್ಲಿ ಮಕ್ಕಳನ್ನೂ ನಂಬರ್ ಹಿಡಿದೇ ಕರೆಯುತ್ತೀರಾ?" ಆ ಕಾರ್ಡು ಈಗಲೂ ನನ್ನ ಮೇಜಿನ ಗಾಜಿನಡಿ ಇದೆ.

ನಿಮ್ಮ ಮಗಳ ಮಂಗನನ್ನೇ ತೆಗೆದುಕೊಳ್ಳೋಣ. ಚೀನೀ ಭಾಷೆಯಲ್ಲಿ ಅದು 'ದಾವ್ ನ್ಯೆನ್ ಹೋವ್', ಹಿಂದೆ ಸರಿಯುತ್ತ ಮಂಗನನ್ನು ಅಟ್ಟುವುದು. ನಿಮ್ಮ ನಂಬರ್ ಭಾಷೆಯಲ್ಲಿ ಹೇಳುತ್ತೇನೆ, ಕೇಳಿ. ಎಡಗಾಲು ಹಿಂದಕ್ಕೆ. ಬಲ ಅಂಗೈ ಕಿವಿಯ ಪಕ್ಕದಿಂದ ಮುಂದಕ್ಕೆ. ಎಡಗೈ ಸೊಂಟದ ಹತ್ತಿರಕ್ಕೆ. ಭಾರ ಹಿಂಗಾಲಿಗೆ. ಇದನ್ನು ಕೇಳಿದ ಯಾರೇ ಆಗಲಿ ಬಾಗಿಲ ಚೌಕಟ್ಟಿನ ಹಾಗೆ ನಿಲ್ಲುತ್ತಾರೆ.

ಈಗ ಬೆಟ್ಟದ ಮೇಲಿನ ಯಾವುದಾದರೂ ದೇವಸ್ಥಾನ ನೆನೆಸಿಕೊಳ್ಳಿ. ಕೈಯಲ್ಲಿ ಹಣ್ಣುಕಾಯಿ ಚೀಲ. ಎದುರಿಗೆ ಮೆಟ್ಟಿಲ ಮೇಲೆ ಒಂದು ಗಡವ. ಏನು ಮಾಡುತ್ತೀರಿ? ಓಡಿದರೆ ಚೀಲ ಹೋಯಿತು. ಬೆನ್ನು ತಿರುಗಿಸಿದರೂ ಹೋಯಿತು. ಕಣ್ಣು ಅದರ ಮೇಲೇ ಇಟ್ಟು ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತೀರಿ. ಹಿಂದೆ ಮೆಟ್ಟಿಲು ಇದೆಯೋ ಇಲ್ಲವೋ ಅಂತ ಮೊದಲು ಕಾಲ್ಬೆರಳು ತಡಕುತ್ತದೆ, ಆಮೇಲೆ ಹಿಮ್ಮಡಿ ಊರುತ್ತದೆ. ಚೀಲದ ಕೈ ತಾನಾಗಿ ಸೊಂಟಕ್ಕೆ ಬರುತ್ತದೆ. ಇನ್ನೊಂದು ಕೈ "ಹೋಗ್, ಹೋಗ್" ಅಂತ ಮುಂದೆ ಚಾಚುತ್ತದೆ. ಮುಗಿಯಿತು. ಕಾಲು, ಕೈ, ಭಾರ, ಕಣ್ಣು ಎಲ್ಲ ಒಂದೇ ಸಲಕ್ಕೆ ಬಂದವು. ಇದರಲ್ಲಿ ಸಂಕೇತ ಎಲ್ಲಿದೆ ಸ್ವಾಮಿ? ಹೆಸರೇ ಪಾಠ.

ಇದನ್ನು ನಿಮ್ಮ ಹಾಗೆ ಸಲೀಸು ಮಾಡಲು ಹೊರಟವರು ಚೀನಾದಲ್ಲೂ ಇದ್ದರು. 1956ರಲ್ಲಿ ಅಲ್ಲಿನ ಕ್ರೀಡಾ ಆಯೋಗ ಯಾಂಗ್ ಮನೆತನದ ತೈಚಿಯಿಂದ 24 ಚಲನೆಗಳ ಚಿಕ್ಕ ಸರಣಿ ಒಂದನ್ನು ಮಾಡಿತು. ಪಾರ್ಕುಗಳಲ್ಲಿ ಬೆಳಿಗ್ಗೆ ಜನ ಮಾಡುವುದು ಹೆಚ್ಚಾಗಿ ಅದೇ. ಕಾಡುಕುದುರೆಯ ಕೇಸರ ಉಳಿಯಿತು, ಕೊಕ್ಕರೆಯ ರೆಕ್ಕೆ ಉಳಿಯಿತು. ಮಂಗ ಮಾತ್ರ ಹೋಯಿತು. ಅದರ ಜಾಗಕ್ಕೆ 'ಹಿಂದೆ ಸರಿದು ತೋಳು ಸುತ್ತು' ಎನ್ನುವ ಅರ್ಥದ ಹೆಸರು ಬಂತು. ಚಿನ್ನದ ಹುಂಜವೂ ಹೋಯಿತು. 'ಕೆಳಗಿಳಿ, ಒಂಟಿಕಾಲಲ್ಲಿ ನಿಲ್ಲು' ಅಷ್ಟೇ ಉಳಿಯಿತು. ತೋಳು ಸುತ್ತುವ ಹೆಸರು ಚೆನ್ ಮನೆತನದ ಹಳೆಯ ತೈಚಿಯಲ್ಲೂ ಇದೆ ಎಂದು ಬಲ್ಲವರು ತಕರಾರು ತೆಗೆಯಬಹುದು. ಇರಲಿ. ಆದರೆ ಹುಂಜ ಏನು ಮಾಡಿತ್ತು? 16ನೇ ಶತಮಾನದ ಸೇನಾಪತಿ ಛೀ ಜಿಗ್ವಾಂಗ್ ತನ್ನ ಸೈನಿಕರಿಗಾಗಿ ಬರೆದಿಟ್ಟ 32 ಭಂಗಿಗಳಲ್ಲೇ 'ಚಿನ್ನದ ಹುಂಜ ಒಂಟಿಕಾಲಲ್ಲಿ' ಇದೆ. ಕಡಲ್ಗಳ್ಳರ ಜೊತೆ ಹೊಡೆದಾಡಿದ ಮನುಷ್ಯ ಅವನು, ಕವಿತೆ ಕಟ್ಟಲು ಕೂತವನಲ್ಲ. ಅವನಿಗೆ ಬೇಕಿದ್ದ ಹುಂಜ ಸಮಿತಿಗೆ ಬೇಡವಾಯಿತು. ಸಮಿತಿ ಅಂದಮೇಲೆ ಹಾಗೇ, ಅಲ್ವಾ?

ನಿಮ್ಮ ಕಡೆಗೂ ಒಂದು ಮಾತು ಹೇಳಿಬಿಡುತ್ತೇನೆ. ಪ್ರಾಣಿಗಳಲ್ಲಿ ಒಂದಷ್ಟು ಬರೀ ಸಂಕೇತವೇ. ಡ್ರ್ಯಾಗನ್ ಹೇಗೆ ನಡೆಯುತ್ತದೆ ಅಂತ ಯಾರೂ ಕೆರೆ ಏರಿಯ ಮೇಲೆ ಕೂತು ನೋಡಿಲ್ಲ. ಹುಲಿ ಮೂಳೆಗೆ, ಚಿರತೆ ಬಲಕ್ಕೆ, ಹಾವು ಉಸಿರಿಗೆ ಎಂದು ಹಂಚಿಕೊಟ್ಟ, ಶಾವೊಲಿನ್ ಎಂಬ ಬೌದ್ಧ ಮಠದ ಹೆಸರು ಹೊತ್ತ ಪಟ್ಟಿ ಹೆಸರಾದದ್ದು 1915ರಲ್ಲಿ ಅಚ್ಚಾದ ಒಂದು ಪುಸ್ತಕದಿಂದ. ತಾಂಗ್ ಹಾವ್ ಎಂಬ ವಕೀಲ ಆ ಪುಸ್ತಕವನ್ನು ಕೋರ್ಟಿನಲ್ಲಿ ಸಾಕ್ಷಿಯನ್ನು ಕೆದಕಿದ ಹಾಗೆ ಕೆದಕಿದ. ಮತ್ತೆ, ನಿಜವಾದ ಹೊಡೆದಾಟದಲ್ಲಿ ಕೊಕ್ಕರೆ ಕಾಣಿಸುವುದೂ ಕಡಿಮೆ. 1954ರ ಜನವರಿಯಲ್ಲಿ ಮಕಾವ್‌ನಲ್ಲಿ ತೈಚಿಯ ವೂ ಗೊಂಗಿ, ಬಿಳಿ ಕೊಕ್ಕರೆ ಪಂಥದ ಚೆನ್ ಕೆಫು ಇಬ್ಬರೂ ರಿಂಗಿಗೆ ಇಳಿದರು. ಅದರ ಫಿಲ್ಮ್ ಇದೆ, ನೋಡಿ. ರೆಕ್ಕೆಯೂ ಇಲ್ಲ, ಕೊಕ್ಕೂ ಇಲ್ಲ. ಇಬ್ಬರು ಗಂಡಸರು ತೋಳು ಬೀಸಿ ಬಡಿದಾಡಿದರು, ಮೂಗಿನಲ್ಲಿ ರಕ್ತ ಬಂತು. ಗೆಲುವೂ ಇಲ್ಲ, ಸೋಲೂ ಇಲ್ಲ, ಸಮವೂ ಇಲ್ಲ ಅಂತ ಎರಡನೇ ಸುತ್ತಿನಲ್ಲೇ ನಿಲ್ಲಿಸಿದರು. ನಿಮಗೆ ಇಷ್ಟು ಸಾಕಲ್ಲ?

ಬೋಧಿಧರ್ಮನ ವಿಚಾರ ಬೇಗ ಮುಗಿಸುತ್ತೇನೆ, ಯಾಕೆಂದರೆ ಪ್ರತಿ ತಿಂಗಳೂ ಯಾರಾದರೊಬ್ಬರು ಕೇಳುತ್ತಾರೆ. ಅವನು 5-6ನೇ ಶತಮಾನದವನು. ಹುನಾನ್ ಪ್ರಾಂತ್ಯದ ಮಾವಾಂಗ್‌ದ್ವೇಯಲ್ಲಿ ಕ್ರಿಸ್ತಪೂರ್ವ 168ರ ಒಂದು ಸಮಾಧಿ ಇದೆ. 1973ರಲ್ಲಿ ಅದನ್ನು ಅಗೆದಾಗ ರೇಷ್ಮೆಯ ಮೇಲೆ ಬರೆದ ಒಂದು ಚಿತ್ರ ಸಿಕ್ಕಿತು. ಅದರಲ್ಲಿ ವ್ಯಾಯಾಮ ಮಾಡುತ್ತಿರುವ 44 ಜನರಿದ್ದಾರೆ, ಹೆಂಗಸರೂ ಗಂಡಸರೂ. ಕೆಲವರ ಪಕ್ಕದಲ್ಲಿ ಕರಡಿ, ಮಂಗ ಅಂತ ಬರೆದಿದೆ. ಬೋಧಿಧರ್ಮನ ಮುತ್ತಜ್ಜನ ಮುತ್ತಜ್ಜನೂ ಹುಟ್ಟಿರಲಿಲ್ಲ. ಅವನನ್ನು ವ್ಯಾಯಾಮದ ಗುರು ಮಾಡಿದ ಪುಸ್ತಕ ಬಂದದ್ದು 1624ರಲ್ಲಿ, ಸಾವಿರ ವರ್ಷ ತಡವಾಗಿ. ಎಲ್ಲವೂ ನಮ್ಮಿಂದಲೇ ಹೋಗಿರಬೇಕು ಎಂಬ ಈ ಹಟ ಯಾಕೆ? ಪಕ್ಕದ ಮನೆಯಲ್ಲಿ ಸಾರು ರುಚಿಯಾದರೆ ಪುಡಿ ನಮ್ಮದೇ ಇರಬೇಕು ಅಂದ ಹಾಗಾಯಿತು.

ನನಗೆ ಪ್ರೀತಿ ಇರುವುದು ಹುವಾ ತುವೋ ಮೇಲೆ. ಹಾನ್ ಸಾಮ್ರಾಜ್ಯದ ಕೊನೆಗಾಲದ ವೈದ್ಯ. ಅವನನ್ನು ಛಾವ್ ಛಾವ್ ಎಂಬ ದೊರೆ ಕೊಲ್ಲಿಸಿದ. ಹುವಾ ತುವೋ ತನ್ನ ಶಿಷ್ಯ ವೂ ಪುಗೆ ಹೇಳಿದ್ದು ಇಷ್ಟು: ಮೈ ಆಡುತ್ತಿರಬೇಕು, ಅತಿಯಾಗಬಾರದು, ದಿನಾ ತಿರುಗುವ ಬಾಗಿಲ ಕೀಲು ಲಡ್ಡು ಹಿಡಿಯುವುದಿಲ್ಲ. ಆಮೇಲೆ ಐದು ಪ್ರಾಣಿ ಕೊಟ್ಟ. ಹುಲಿ, ಜಿಂಕೆ, ಕರಡಿ, ಮಂಗ, ಹಕ್ಕಿ. ಮೈ ಸರಿಯಿಲ್ಲ ಅನಿಸಿದಾಗ ಎದ್ದು ಒಂದು ಪ್ರಾಣಿಯ ಆಟ ಆಡು, ಬೆವರು ಬರುತ್ತದೆ, ಮೈ ಹಗುರಾಗುತ್ತದೆ, ಹಸಿವಾಗುತ್ತದೆ ಅಂದ. ವೂ ಪು ತೊಂಬತ್ತು ದಾಟಿದ, ಹಲ್ಲು ಗಟ್ಟಿ ಇದ್ದವು ಅಂತ ಹಳೆಯ ಚರಿತ್ರೆ ಹೇಳುತ್ತದೆ. ನನ್ನ ಕಣ್ಣು ನಿಂತದ್ದು 'ಆಟ' ಎಂಬ ಪದದ ಮೇಲೆ. ಚೀನೀ ಮೂಲದ 'ಷಿ' ಎಂಬ ಪದಕ್ಕೆ ಆಡುವುದು ಎಂದೂ ಅರ್ಥ, ನಾಟಕ ಎಂದೂ ಅರ್ಥ. ಯಕ್ಷಗಾನಕ್ಕೆ ಆಟ ಅನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೈದ್ಯ ಚೀಟಿಯಲ್ಲಿ ಕರಡಿ ಆಟ ಅಂತ ಬರೆದುಕೊಟ್ಟ. ಇವತ್ತಿನವರಾಗಿದ್ದರೆ ದಿನಕ್ಕೆ ಮೂರು ಸೆಟ್, ಸೆಟ್ಟಿಗೆ ಹದಿನೈದು ಅಂತ ಬರೆಯುತ್ತಿದ್ದರು.

ಕೊಕ್ಕರೆಯ ಬಗ್ಗೆ ಒಂದು ಜಗಳ ಬಾಕಿ ಇದೆ. ಚೀನೀಯರ 'ಹೆ' ನಮ್ಮ ಕೊಕ್ಕರೆ ಅಲ್ಲ, ಸಾರಸದ ಜಾತಿ. ಎರಡಕ್ಕೂ ಉದ್ದ ಕಾಲು ಇದೆಯೆಂದು ಕನ್ನಡ ಪತ್ರಿಕೆಗಳು, ನಾನೂ ಸೇರಿ, ಒಂದೇ ಹೆಸರು ಅಂಟಿಸಿಬಿಟ್ಟೆವು. ಕೊಕ್ಕರೆ ಅಂದರೆ ನಮಗೆ ಬಕಧ್ಯಾನ, ಅಂದರೆ ಕಪಟ. ಅಲ್ಲಿ ಸಾರಸ ಅಂದರೆ ದೀರ್ಘಾಯುಷ್ಯ. ಛಿಂಗ್ ರಾಜವಂಶದ ಕಾಲದಲ್ಲಿ ಮೊದಲ ದರ್ಜೆಯ ನಾಗರಿಕ ಅಧಿಕಾರಿ ಎದೆಯ ಮೇಲೆ ಅದರ ಚಿತ್ರ ಹೊಲಿಸಿಕೊಳ್ಳುತ್ತಿದ್ದ. ಸಾರಸ ಕುಣಿಯುವ ಹಕ್ಕಿ ಬೇರೆ. ಹಕ್ಕಿ ಬದಲಾದರೆ ಮೈಯ ಲಯವೂ ಬದಲಾಗುತ್ತದೆ.

ಫೂಜ್ಯೆನ್ ಪ್ರಾಂತ್ಯದ ಬಿಳಿ ಸಾರಸ ಪಂಥದ ಹುಟ್ಟಿನ ಕಥೆ ನಿಮ್ಮ ಊರಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಫಾಂಗ್ ಛೀನ್ಯಾಂಗ್ ಎಂಬ ಹುಡುಗಿ ಧಾನ್ಯ ಒಣಹಾಕಿ ಕಾಯುತ್ತಿದ್ದಳಂತೆ. ಸಾರಸ ಬಂತು. ಬಿದಿರ ಕೋಲು ಬೀಸಿದಳು. ಹಕ್ಕಿ ಹಾರಿಹೋಗಲಿಲ್ಲ. ತಲೆಗೆ ಬೀಸಿದರೆ ತಲೆ ಪಕ್ಕಕ್ಕೆ, ರೆಕ್ಕೆಗೆ ಬೀಸಿದರೆ ಮೈ ತಿರುವಿ ಕೋಲಿಗೇ ಕುಕ್ಕು. ಕಥೆ ನಿಜವೋ ಸುಳ್ಳೋ, ಅಂಗಳದಲ್ಲಿ ಭತ್ತ ಕಾಯ್ದವರಿಗೆ ಕೋಲು ಎಷ್ಟು ಸಲ ಖಾಲಿ ನೆಲಕ್ಕೆ ಬಿದ್ದಿದೆ ಅಂತ ಗೊತ್ತು. ಚಿಕ್ಕಂದಿನಲ್ಲಿ ನಮ್ಮ ಪಕ್ಕದ ಮನೆಯ ಮರಿಗಳಿದ್ದ ತಾಯಿಕೋಳಿ ನನ್ನನ್ನು ಚಾವಡಿವರೆಗೂ ಅಟ್ಟಿಸಿಕೊಂಡು ಬಂದಿತ್ತು. ಆ ಪಂಥದಲ್ಲಿ ಹಾರುವ ಸಾರಸ, ಕೂಗುವ ಸಾರಸ, ಮೇಯುವ ಸಾರಸ, ನಿದ್ದೆಯ ಸಾರಸ ಎಂದೆಲ್ಲ ಕವಲುಗಳಿವೆ. ನಿದ್ದೆ ಮಾಡುವ ಹಕ್ಕಿಯಿಂದ ಹೊಡೆದಾಟ ಕಲಿಯಬೇಕಾದರೆ ಎಷ್ಟು ಹೊತ್ತು ನೋಡಿರಬೇಕು! ಹೋಮ್‌ವರ್ಕ್ ಎಷ್ಟು ಬಾಕಿ ಉಳಿದಿರಬೇಕು!

ತಪ್ಪಾಗಿ ಬಂದ ಪ್ರಾಣಿಯೂ ಕೆಲಸ ಮಾಡುತ್ತದೆ. ಛೀ ಜಿಗ್ವಾಂಗ್‌ನ ಮೊದಲ ಭಂಗಿ 'ಲಾನ್ ಝಾ ಯಿ'. ಸೋಮಾರಿಯಾಗಿ ನಿಲುವಂಗಿ ಸಿಕ್ಕಿಸಿಕೊಳ್ಳುವುದು ಎಂದರ್ಥ. ಯಾಂಗ್ ಮನೆತನದಲ್ಲಿ ಅದು 'ಲಾನ್ ಛ್ವೆ ವೇ', ಗುಬ್ಬಿಯ ಬಾಲ ಹಿಡಿಯುವುದು. ಕಿವಿಯಿಂದ ಕಿವಿಗೆ ದಾಟುವಾಗ ಅಂಗಿ ಗುಬ್ಬಿಯಾಯಿತು ಅನ್ನುವವರಿದ್ದಾರೆ. ಆಗಿರಲಿ ಬಿಡಿ. ಗುಬ್ಬಿಯ ಬಾಲವನ್ನು ಬಿಗಿಯಾಗಿ ಹಿಡಿದರೆ ಗರಿ ಕೈಗೆ ಬರುತ್ತದೆ, ಸಡಿಲ ಬಿಟ್ಟರೆ ಹಕ್ಕಿ ಹೋಗುತ್ತದೆ. ಎದುರಾಳಿಯ ಮುಂಗೈ ಎಷ್ಟು ಒತ್ತಿ ಹಿಡಿಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಯಾವ ಸಮಿತಿ ಕೊಟ್ಟೀತು?

ನನ್ನ ಹೊಟ್ಟೆಯುರಿ ಕುಂಗ್‌ಫುವಿಗೇ ನಿಲ್ಲುವುದಿಲ್ಲ. ಬರುವ ಲೇಖನಗಳನ್ನು ನೋಡಿ. ಅಡುಗೆಯಲ್ಲಿ ಚಿಟಿಕೆ ಹೋಗಿ ಗ್ರಾಂ ಬಂತು. ಗದ್ದೆಯಲ್ಲಿ ಮೊಣಕಾಲುದ್ದ ಹೋಗಿ ಸೆಂಟಿಮೀಟರ್ ಬಂತು. ಮೊನ್ನೆ ಒಬ್ಬರು ನಾಟಿಯ ಬಗ್ಗೆ ಬರೆದಿದ್ದರು. ಇಡೀ ಲೇಖನದಲ್ಲಿ ಒಂದು ಕಪ್ಪೆ ಇಲ್ಲ, ಒಂದು ಬೆಳ್ಳಕ್ಕಿ ಇಲ್ಲ, ಕೋಷ್ಟಕ ಮಾತ್ರ ಮೂರು. ವಾಪಸ್ ಕಳಿಸಿದೆ. ಅವರಿಗೆ ನನ್ನ ಮೇಲೆ ಬೇಜಾರಾಗಿದೆ.

ಮಗಳಿಗೆ ಅಂಥ ಮೇಷ್ಟ್ರು ಸಿಕ್ಕಿದ್ದು ನಿಮ್ಮ ಅದೃಷ್ಟ. ಆದರೆ ಅವಳು ಕೆರೆಯಲ್ಲಿ ನೋಡಿದ ಹಕ್ಕಿ ಯಾವುದು ಅಂತ ನೀವು ಬರೆದೇ ಇಲ್ಲ. ಬೆಳ್ಳಕ್ಕಿಯೋ, ಬೂದು ಕೊಕ್ಕರೆಯೋ? ಯಾವ ಕಾಲ ಮೇಲೆ ನಿಂತಿತ್ತು? ಅವಳನ್ನೇ ಕೇಳಿ, ಮುಂದಿನ ಪತ್ರದಲ್ಲಿ ತಿಳಿಸಿ.

— ಸಂಪಾದಕ