ಮನೋಚಿಕಿತ್ಸಕರ ಸಂಘದಲ್ಲಿ ಸ್ವಯಂಸೇವೆ: ಯಾವ ಕೆಲಸವನ್ನು ಕೇಳಿ ಪಡೆಯಬೇಕು?

ಮುಂಬಯಿಯಲ್ಲಿ ಈಚೆಗಷ್ಟೇ ಆಪ್ತಸಮಾಲೋಚನೆ ಆರಂಭಿಸಿರುವ ತಾವು, ಮನೋಚಿಕಿತ್ಸಕರ ವೃತ್ತಿಸಂಘಕ್ಕೆ ಸೇರಿ ವರ್ಷವಾದರೂ ಯಾರ ಪರಿಚಯವೂ ಆಗಿಲ್ಲವೆಂದೂ, ಸ್ವಯಂಸೇವಕರಾಗಿ ಬನ್ನಿ ಎಂಬ ಸಂಘದ ಕರೆಗೆ ಒಪ್ಪಬೇಕೇ ಎಂದೂ ಕೇಳಿದ್ದೀರಿ. ಅಂಥದೇ ಸಂಘವೊಂದರಲ್ಲಿ ಹನ್ನೆರಡು ವರ್ಷಗಳಿಂದ ದುಡಿಯುತ್ತಿರುವ ನಾನು ಹೇಳುವುದಿಷ್ಟು: ಖಂಡಿತ ಒಪ್ಪಿಕೊಳ್ಳಿ, ಆದರೆ ವಾರ್ಷಿಕ ಸಮ್ಮೇಳನದ ವೇದಿಕೆಯ ಕೆಲಸವನ್ನಲ್ಲ, ತಿಂಗಳು ತಿಂಗಳೂ ಬರುವ ಚಿಕ್ಕ ಕೆಲಸವೊಂದನ್ನು ಕೇಳಿ ಪಡೆಯಿರಿ.

ನಮ್ಮದು ಒಂಟಿತನದ ವೃತ್ತಿ. ದಿನಕ್ಕೆ ಐದಾರು ಜನರ ಸಂಕಟವನ್ನು ಕೇಳಿ ಮನೆಗೆ ಮರಳಿದ ಮೇಲೆ ಅದನ್ನು ಯಾರ ಮುಂದೆಯೂ ಬಿಚ್ಚುವಂತಿಲ್ಲ. ಗೋಪ್ಯತೆಯು ಚಿಕಿತ್ಸೆ ಪಡೆಯುವವರ ಹಕ್ಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಸೆಕ್ಷನ್ ಕೂಡ ಹೇಳುತ್ತದೆ. ಆದ್ದರಿಂದ ಸಹೋದ್ಯೋಗಿಗಳ ಬಳಗವೆಂಬುದು ನಮಗೆ ಅಲಂಕಾರವಲ್ಲ, ಅಗತ್ಯ. 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದ ಗಿರೀಂದ್ರಶೇಖರ ಬೋಸರು ಕಲ್ಕತ್ತೆಯ ಪಾರ್ಸಿಬಗಾನ್ ಲೇನಿನ ತಮ್ಮ ಮನೆಯನ್ನೇ ಅದರ ನೆಲೆಯಾಗಿಸಿದ್ದನ್ನು ನಾನು ಆಗಾಗ ನೆನೆಯುತ್ತೇನೆ.

ನಾನು ಮೊದಲು ವಹಿಸಿಕೊಂಡದ್ದು, ಸದಸ್ಯರಲ್ಲಿ ಯಾರು ಯಾವ ಭಾಷೆಯಲ್ಲಿ ಚಿಕಿತ್ಸೆ ನೀಡಬಲ್ಲರು ಎಂಬ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸ. ಹಗಲು ಹೋಟೆಲಿನಲ್ಲಿ ದುಡಿದು ಮುಂಬಯಿಯ ಕೋಟೆ (ಫೋರ್ಟ್) ಭಾಗದ ರಾತ್ರಿಶಾಲೆಯಲ್ಲಿ ಕನ್ನಡದಲ್ಲಿ ಓದಿದ ಹಿರಿಯರೊಬ್ಬರು ಹೆಂಡತಿ ತೀರಿಕೊಂಡ ದುಃಖವನ್ನು ಹಿಂದಿಯಲ್ಲಿ ಹೇಗೆ ತೋಡಿಕೊಂಡಾರು? ಪಟ್ಟಿಗಾಗಿ ಒಬ್ಬೊಬ್ಬರಿಗೂ ನಾನೇ ದೂರವಾಣಿ ಮಾಡಿದೆ. ಮುಲುಂಡಿನಲ್ಲಿ ತುಳು ಬಲ್ಲವರು, ವಸಾಯಿಯಲ್ಲಿ ಕೊಂಕಣಿ ಬಲ್ಲವರು ಸಿಕ್ಕರು. ಅದಕ್ಕಿಂತ ಮುಖ್ಯವಾಗಿ, ಎರಡು ನಿಮಿಷಕ್ಕೆಂದು ಆರಂಭವಾದ ಮಾತು ಅರ್ಧ ಗಂಟೆ ನಡೆದು, ವರ್ಷಗಟ್ಟಲೆ ಚಂದಾ ಕಟ್ಟಿಯೂ ಸಭೆಗೆ ಬಾರದಿದ್ದ ಕೆಲವರು ದಾದರಿನ ನಮ್ಮ ಭೇಟಿಗೆ ಬರತೊಡಗಿದರು. ಪಶ್ಚಿಮ ಮತ್ತು ಮಧ್ಯ ರೈಲುಮಾರ್ಗಗಳೆರಡೂ ಕೂಡುವ ಜಾಗವಾದ್ದರಿಂದ ದಾದರನ್ನು ಆರಿಸಿದೆವು. ಮುಂಬಯಿಯಲ್ಲಿ ಬಳಗ ಕಟ್ಟುವವರು ಇಂಥ ವಿಷಯವನ್ನು ಹಗುರಾಗಿ ಎಣಿಸಬಾರದು.

ಸಹವೃತ್ತಿಗರು ತಮ್ಮ ಪ್ರಕರಣಗಳನ್ನು ಒಬ್ಬರ ಮುಂದೊಬ್ಬರು ಮಂಡಿಸಿ ಸಲಹೆ ಪಡೆಯುವ ಸೂಪರ್‌ವಿಷನ್ ಗುಂಪನ್ನು ನಡೆಸುವ ಹೊಣೆ ನಿಮಗೆ ಬಂದರೆ ಮಾತ್ರ ತುಂಬ ಎಚ್ಚರವಿರಲಿ. ಒಮ್ಮೆ ನಾನು ಹೆಸರನ್ನು ಮರೆಮಾಚಿ ಪ್ರಕರಣವೊಂದನ್ನು ಮಂಡಿಸಿದೆ. ಊರು, ಹೋಟೆಲಿನ ವ್ಯವಹಾರ, ಮಗಳ ಮದುವೆಯ ವಿವರ ಇಷ್ಟರಿಂದಲೇ ಗುಂಪಿನಲ್ಲಿದ್ದ ಒಬ್ಬರು ಆ ಕುಟುಂಬವನ್ನು ಗುರುತಿಸಿ, ಕೂಡಲೇ ಎದ್ದು ಹೊರಗೆ ಹೋದರು. ಮುಂಬಯಿ ಮಹಾನಗರವಾದರೂ ಇಲ್ಲಿನ ಕನ್ನಡಿಗರ ನಡುವೆ ನಂಟು ಹತ್ತಿರದ್ದು. ಆ ತಪ್ಪು ನನ್ನನ್ನು ಇಂದಿಗೂ ಬಾಧಿಸುತ್ತದೆ. ಅಂದಿನಿಂದ, ಊರು, ಉದ್ಯೋಗ, ಬಂಧುತ್ವಗಳನ್ನು ಬದಲಿಸದೆ ಯಾವ ಪ್ರಕರಣವನ್ನೂ ಮಂಡಿಸಬಾರದೆಂದೂ, ಗುಂಪಿನೊಳಗೆ ಒಬ್ಬರಿಗೊಬ್ಬರು ಚಿಕಿತ್ಸಕರಾಗಬಾರದೆಂದೂ ನಿಯಮ ಮಾಡಿಕೊಂಡಿದ್ದೇವೆ.

ಹಣಕಾಸು, ಪ್ರಮಾಣಪತ್ರಗಳ ಕೆಲಸ ಬೇರೆಯವರಿಗಿರಲಿ. ಮುಂದಿನ ಸಭೆಗೆ ಅರ್ಧ ಗಂಟೆ ಮೊದಲೇ ಹೋಗಿ, ಹೊಸ ಸದಸ್ಯರಿಗೆ ಕರೆ ಮಾಡುವ ಹೊಣೆಯನ್ನು ಒಂದು ವರ್ಷದ ಮಟ್ಟಿಗೆ ನನಗೆ ಕೊಡಿ ಎಂದು ಕಾರ್ಯದರ್ಶಿಯವರನ್ನು ಕೇಳಿ. ಯಾರ ಪರಿಚಯವೂ ಇಲ್ಲದೆ ಒಬ್ಬರೇ ಕುಳಿತ ಅನುಭವ ನಿಮ್ಮಲ್ಲಿ ಇನ್ನೂ ಹಸಿಯಾಗಿರುವುದರಿಂದ, ಆ ಕೆಲಸವನ್ನು ಹಳಬರಾದ ನಮಗಿಂತ ನೀವೇ ಚೆನ್ನಾಗಿ ಮಾಡುತ್ತೀರಿ.