ಅತ್ತೆ ಮಗನನ್ನು ಮದುವೆಯಾಗುವ ಮೊದಲು ಜೀನ್ ಟೆಸ್ಟ್ ಕೇಳಿದ್ದು ತಪ್ಪಾ?

ಪ್ರಶ್ನೆ: ನನಗೆ 26 ವರ್ಷ. ಹಾಸನದ ಕಡೆಯವಳು, ಬೆಂಗಳೂರಿನಲ್ಲಿ ಕೆಲಸ. ಸೋದರತ್ತೆ ಮಗನ ಜೊತೆ ಮದುವೆ ಮಾತಾಗಿದೆ, ಇಬ್ಬರಿಗೂ ಇಷ್ಟ. ಅಪ್ಪ ಅಮ್ಮನದೂ ಸಂಬಂಧವೇ. ಅಪ್ಪ ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳನ್ನು. ಚಿಕ್ಕಮ್ಮನೂ (ಅಮ್ಮನ ತಂಗಿ) ಸಂಬಂಧದಲ್ಲೇ ಮದುವೆಯಾದವರು, ಅವರ ಎರಡನೇ ಮಗನಿಗೆ ಚಿಕ್ಕಂದಿನಿಂದಲೂ ಕಿವಿ ಕೇಳಲ್ಲ. ಮೊದಲು ಜೀನ್ ಟೆಸ್ಟ್ ಮಾಡಿಸೋಣ ಅಂದೆ. ಹುಡುಗ ಒಪ್ಪಿದ. ಆದರೆ ಅತ್ತೆ 'ನಮ್ಮ ರಕ್ತದ ಮೇಲೇ ಅನುಮಾನವಾ' ಅಂತ ಕಣ್ಣೀರು ಹಾಕಿದರು. ಅಪ್ಪ 'ನೀನು ಚೆನ್ನಾಗಿಲ್ವಾ, ಬ್ಲಡ್ ಗ್ರೂಪೂ ಬೇರೆ ಇದೆ, ಗೋತ್ರನೂ ಬೇರೆ' ಅಂತಾರೆ. ಆಫೀಸಿನ ಗೆಳತಿಯರು 'ಕಸಿನ್‌ನನ್ನ ಮದುವೆ ಆಗ್ತೀಯಾ' ಅಂತ ಮುಖ ಸಿಂಡರಿಸುತ್ತಾರೆ. ಏನು ಮಾಡಲಿ?

ಉತ್ತರ: ನೀವು ಕೇಳಿದ್ದರಲ್ಲಿ ಒಂದಿಷ್ಟೂ ತಪ್ಪಿಲ್ಲ. ಹುಡುಗನೂ ಜೊತೆಗಿದ್ದಾನೆ ಅನ್ನುವುದು ನನಗೆ ದೊಡ್ಡ ಸಮಾಧಾನ.

ಗೆಳತಿಯರ ವಿಷಯ ಮೊದಲು ಮುಗಿಸಿಬಿಡೋಣ. ನಮ್ಮಲ್ಲಿ ಅತ್ತೆ, ಮಾವನ ಮಕ್ಕಳು ಮದುವೆಯ ವರಸೆ. ಉತ್ತರ ಭಾರತದ ಬಹಳಷ್ಟು ಹಿಂದೂ ಕುಟುಂಬಗಳಲ್ಲಿ ಅವರೂ ಅಣ್ಣ ತಂಗಿಯರೇ. 1955ರ ಹಿಂದೂ ವಿವಾಹ ಕಾಯ್ದೆ ಹತ್ತಿರದ ಸಂಬಂಧಗಳಿಗೆ ಅಡ್ಡಿ ಹಾಕಿದರೂ, ರೂಢಿ ಇದ್ದಲ್ಲಿ ವಿನಾಯಿತಿ ಕೊಟ್ಟಿದೆ. ನಿಮ್ಮ ಮದುವೆಯಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅವರ ಮುಖ ನೋಡಿ ನೀವು ಏನನ್ನೂ ತೀರ್ಮಾನ ಮಾಡಬೇಡಿ.

ಇನ್ನು ಅಪ್ಪನ ಮಾತು. ಬ್ಲಡ್ ಗ್ರೂಪ್ ಬೇರೆ ಇದ್ದರೆ ಸಾಕು ಅನ್ನುವುದು ನಮ್ಮ ಊರುಗಳಲ್ಲಿ ತುಂಬಾ ಬೇರೂರಿದೆ. ಗಂಡ ಹೆಂಡತಿಯ ಗ್ರೂಪ್ ಒಂದೇ ಆದರೆ ತೊಂದರೆಯಿಲ್ಲ, ಬೇರೆ ಆದರೆ ರಕ್ಷಣೆಯೂ ಇಲ್ಲ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದಾಗ ಮುಖ್ಯವಾಗಿ ಎಚ್ಚರ ಬೇಕು, ಅದಕ್ಕೂ ಆ್ಯಂಟಿ ಡಿ ಇಂಜೆಕ್ಷನ್ ಇದೆ. ಗೋತ್ರ ಅಪ್ಪನ ಕಡೆಯಿಂದಷ್ಟೇ ಬರುತ್ತದೆ, ಜೀನ್ ಎರಡೂ ಕಡೆಯಿಂದ ಬರುತ್ತದೆ. ಅತ್ತೆ ಮದುವೆಯಾಗಿ ಗೋತ್ರ ಬದಲಾದರೂ ಅವರ ಮೈಯಲ್ಲಿರುವುದು ನಿಮ್ಮ ಅಜ್ಜ ಅಜ್ಜಿಯ ಜೀನ್‌ಗಳೇ ಅಲ್ವಾ?

'ನೀನು ಚೆನ್ನಾಗಿಲ್ವಾ' ಅನ್ನುವುದು ನಿಜ. ಸಂಬಂಧದಲ್ಲಿ ಆದ ಮದುವೆಗಳಲ್ಲೂ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಯಾವ ಸಂಬಂಧವೂ ಇಲ್ಲದ ದಂಪತಿಗಳಲ್ಲಿ ನೂರಕ್ಕೆ 2-3 ಮಕ್ಕಳಿಗೆ ಹುಟ್ಟಿನಿಂದ ಏನಾದರೂ ದೊಡ್ಡ ತೊಂದರೆ ಇರುತ್ತದೆ. ಅತ್ತೆ, ಮಾವನ ಮಕ್ಕಳು ಮದುವೆಯಾದರೆ ಅದು ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ. ಗೆಳತಿಯರು ಹೆದರಿಸಿದಷ್ಟು ಅಲ್ಲ, ಅಪ್ಪ ಹೇಳಿದಷ್ಟು ಕಡಿಮೆಯೂ ಅಲ್ಲ.

ಆದರೆ ಈ ಲೆಕ್ಕ ಊರಿಗೆಲ್ಲ. ನಿಮ್ಮ ಮನೆಯದು ಬೇರೆ. ಒಂದು ಹಾಳೆ ತಗೊಂಡು ಮುತ್ತಜ್ಜನಿಂದ ವಂಶವೃಕ್ಷ ಬರೆಯಿರಿ. ಅಪ್ಪ, ಅತ್ತೆ, ನಿಮ್ಮ ಅಮ್ಮನ ತಾಯಿ, ಮೂವರೂ ಒಡಹುಟ್ಟಿದವರು. ಅಂದರೆ ಹುಡುಗ ನಿಮಗೆ ಅಪ್ಪನ ಕಡೆಯಿಂದಲೂ ಸಂಬಂಧ, ಅಮ್ಮನ ಕಡೆಯಿಂದಲೂ ಸಂಬಂಧ. ಸಾಮಾನ್ಯವಾಗಿ ಅತ್ತೆ ಮಗನ ಜೊತೆ ಎಂಟನೇ ಒಂದು ಪಾಲು ಜೀನ್‌ಗಳು ಸಮಾನ. ನಿಮ್ಮಿಬ್ಬರ ಮಧ್ಯೆ ಹದಿನಾರರಲ್ಲಿ ಮೂರು ಪಾಲು, ಅಂದರೆ ಒಂದೂವರೆ ಪಟ್ಟು.

ಈಗ ಅದೇ ಹಾಳೆಯಲ್ಲಿ ಚಿಕ್ಕಮ್ಮನ ಮಗನನ್ನು ನೋಡಿ. ಅವನ ಕಿವುಡು ಜೀನ್‌ನಿಂದಲೇ ಬಂದದ್ದು ಅಂತ ಈಗಲೇ ಹೇಳಲಾಗದು. ಗರ್ಭಿಣಿಯಾಗಿದ್ದಾಗ ತಾಯಿಗೆ ರುಬೆಲ್ಲಾ ಬಂದಿದ್ದರೂ, ಎಳೆ ಮಗುವಿಗೆ ಮೆದುಳು ಜ್ವರ ಬಂದಿದ್ದರೂ ಕಿವಿ ಹೋಗಬಹುದು. ಜೀನ್‌ನಿಂದಲೇ ಆಗಿದ್ದರೆ ಸಾಮಾನ್ಯವಾಗಿ ನಡೆಯುವುದು ಹೀಗೆ: ಆ ಜೀನ್‌ನ ಒಂದು ಕೆಟ್ಟ ಪ್ರತಿ (ಕಾಪಿ) ಅವನ ಅಪ್ಪನಿಂದ, ಇನ್ನೊಂದು ಅಮ್ಮನಿಂದ ಬಂದಿರುತ್ತದೆ. ಚಿಕ್ಕಮ್ಮನಿಗೆ ಅದು ಅವರ ತಾಯಿಯಿಂದ ಬಂದಿದ್ದರೆ, ತಾಯಿಯ ಒಡಹುಟ್ಟಿದ ನಿಮ್ಮ ಅಪ್ಪನಲ್ಲೂ ಅತ್ತೆಯಲ್ಲೂ ಅದು ಇರಬಹುದು. ಅಲ್ಲಿಂದ ನಿಮಗೂ, ಹುಡುಗನಿಗೂ. ಒಂದೇ ಕೆಟ್ಟ ಪ್ರತಿ ಇದ್ದವರಿಗೆ ಏನೂ ಗೊತ್ತಾಗುವುದಿಲ್ಲ, ಕಿವಿ ಚೆನ್ನಾಗಿಯೇ ಕೇಳುತ್ತದೆ. ಚಿಕ್ಕಮ್ಮನಿಗೆ ಅದು ಅವರ ತಂದೆಯಿಂದ ಬಂದಿದ್ದರೆ ನಿಮ್ಮ ಮದುವೆಗೆ ಅದರಿಂದ ಭಯ ತುಂಬಾ ಕಡಿಮೆ.

ಹಾಗಾಗಿ ನೀವಿಬ್ಬರೂ ನೇರವಾಗಿ ಯಾವುದೋ ಲ್ಯಾಬ್‌ಗೆ ಹೋಗಿ ರಕ್ತ ಕೊಡಬೇಡಿ. ಮೊದಲು ಜೆನೆಟಿಕ್ ಕೌನ್ಸೆಲಿಂಗ್‌ಗೆ, ಅಂದರೆ ವಂಶದಲ್ಲಿ ಬರುವ ತೊಂದರೆಗಳ ಬಗ್ಗೆ ಸಲಹೆ ಕೊಡುವವರ ಹತ್ತಿರ ಹೋಗಿ. ಬೆಂಗಳೂರಿನಲ್ಲೇ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ, ಮಣಿಪಾಲದ ಕೆಎಂಸಿಯಲ್ಲೂ ಇದಕ್ಕೆ ವಿಭಾಗವಿದೆ. ಆ ಹಾಳೆ ಜೊತೆಗಿರಲಿ. ಅಲ್ಲಿ ಸಾಮಾನ್ಯವಾಗಿ ಮೊದಲು ಕೇಳುವುದು ಚಿಕ್ಕಮ್ಮನ ಮಗನ ಪರೀಕ್ಷೆಯನ್ನೇ. ಅವನಲ್ಲಿ ಯಾವ ಜೀನ್ ಅಂತ ಸಿಕ್ಕರೆ, ನಿಮ್ಮಿಬ್ಬರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು, ಉತ್ತರವೂ ಸ್ಪಷ್ಟ. ಏನನ್ನು ಹುಡುಕಬೇಕು ಅಂತ ಗೊತ್ತಿಲ್ಲದೆ ಮಾಡಿಸಿದ ಟೆಸ್ಟ್ 'ನಾರ್ಮಲ್' ಅಂದರೂ ಪೂರ್ತಿ ನಂಬುವ ಹಾಗಿಲ್ಲ.

ನಿಮ್ಮಿಬ್ಬರಲ್ಲಿ ಒಬ್ಬರಲ್ಲಿ ಮಾತ್ರ ಆ ಜೀನ್ ಇದ್ದರೆ, ಆ ಕಾರಣದಿಂದ ಮಗುವಿಗೆ ಕಿವುಡು ಬರುವ ಭಯ ಹೆಚ್ಚುಕಡಿಮೆ ಇಲ್ಲ. ಇಬ್ಬರಲ್ಲೂ ಇದ್ದರೆ ಪ್ರತಿ ಸಲವೂ ನಾಲ್ಕರಲ್ಲಿ ಒಂದು ಸಾಧ್ಯತೆ. ಮೊದಲ ಮಗುವಿಗೆ ಬಂತು, ಇನ್ನು ಮೂವರಿಗೆ ಬರಲ್ಲ ಅಂತಲ್ಲ, ಪ್ರತಿ ಗರ್ಭಕ್ಕೂ ಹೊಸ ಲೆಕ್ಕ. ಆಗಲೂ ಮದುವೆ ಮುರಿಯಲೇಬೇಕು ಅಂತ ನಾನು ಹೇಳುವುದಿಲ್ಲ. ಹುಟ್ಟಿದ ಕೂಡಲೇ ಕಿವಿ ಪರೀಕ್ಷೆ ಮಾಡಿಸಿ, ಬೇಗ ಹಿಯರಿಂಗ್ ಏಡ್ ಅಥವಾ ಒಳಗಿವಿಗೆ ಆಪರೇಷನ್ ಮಾಡಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದರೆ ಎಷ್ಟೋ ಮಕ್ಕಳು ಚೆನ್ನಾಗಿ ಮಾತು ಕಲಿಯುತ್ತಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಮಾಡುತ್ತಿರುವುದು ಇದೇ ಕೆಲಸ. ಸನ್ನೆ ಭಾಷೆಯಲ್ಲೇ ತುಂಬು ಬದುಕು ನಡೆಸುವವರೂ ಇದ್ದಾರೆ. ಅಂಥ ಮಗುವನ್ನು ಬೆಳೆಸಲು ನೀವು ತಯಾರಿದ್ದೀರಾ, ಮಕ್ಕಳೇ ಬೇಡವಾ, ಬೇರೆ ದಾರಿ ನೋಡ್ತೀರಾ ಅನ್ನುವುದು ನಿಮ್ಮಿಬ್ಬರಿಗೆ ಬಿಟ್ಟದ್ದು. ಅದನ್ನು ಮದುವೆಗೆ ಮೊದಲೇ ಕೂತು ಮಾತಾಡಿ. ಮಗು ಹುಟ್ಟಿದ ಮೇಲೆ ಹೆಣ್ಣಿನ ಮೇಲೇ ತಪ್ಪು ಹೊರಿಸುವುದನ್ನು ನಮ್ಮ ಮನೆಗಳಲ್ಲಿ ಜಾಸ್ತಿಯೇ ನೋಡಿದ್ದೇವೆ. ನಿಮ್ಮ ಚಿಕ್ಕಮ್ಮ ಅದನ್ನು ಅನುಭವಿಸಿರದೆ ಇರಲಾರರು.

ಅತ್ತೆಗೆ ನೋವಾಗಿದ್ದು ಟೆಸ್ಟ್‌ನಿಂದಲ್ಲ, ತಮ್ಮ ಮಗನಲ್ಲಿ ದೋಷ ಹುಡುಕುತ್ತಿದ್ದೀರಿ ಅಂದುಕೊಂಡದ್ದರಿಂದ. ಅವರ ಹತ್ತಿರ ನೀವಲ್ಲ, ಹುಡುಗನೇ ಮಾತಾಡಲಿ. 'ಅಮ್ಮ, ಟೆಸ್ಟ್ ನನಗೂ ಬೇಕು' ಅಂತ ಅವನ ಬಾಯಲ್ಲಿ ಬಂದರೆ ಅರ್ಧ ಜಗಳ ಅಲ್ಲೇ ಇಳಿಯುತ್ತದೆ. ಹಿರಿಯರ ಒಪ್ಪಿಗೆಗಾಗಿ ಕಾಯಬೇಡಿ, ಇಬ್ಬರೂ ವಯಸ್ಸಿಗೆ ಬಂದವರು. ರಿಪೋರ್ಟ್ ಬರಲು ಕೆಲವು ವಾರ ಹಿಡಿಯಬಹುದು. ಅಲ್ಲಿಯವರೆಗೆ ನಿಶ್ಚಿತಾರ್ಥದ ದಿನ ಗೊತ್ತು ಮಾಡುವುದು ಬೇಡ ಅಂತ ಅಪ್ಪನಿಗೆ ಗಟ್ಟಿಯಾಗಿ ಹೇಳಿ.

ಎಲ್ಲಕ್ಕೂ ಮೊದಲು ಒಂದು ಭಾನುವಾರ ಚಿಕ್ಕಮ್ಮನ ಮನೆಗೆ ಹೋಗಿ. ಫೋನಿನಲ್ಲಿ ಆಡುವ ಮಾತಲ್ಲ ಇದು. ಅವರ ಮಗ ದೊಡ್ಡವನಾಗಿದ್ದರೆ ಅವನನ್ನೇ ಕೇಳಿ, ಅದು ಅವನ ರಕ್ತ. ಅವನು ಬೇಡ ಅಂದರೆ ಒತ್ತಾಯ ಮಾಡಬೇಡಿ, ಹಾಗೇ ಅಂತ ಕೌನ್ಸೆಲರ್‌ಗೆ ಹೇಳಿ, ಅವರು ಬೇರೆ ದಾರಿ ತೋರಿಸುತ್ತಾರೆ.