ಕೆರೆಯ ತಳದಲ್ಲಿದ್ದವು ಎಲ್ಲಿ ಹೋದವು?

ಪ್ರಶ್ನೆ: ನಮ್ಮ ಬಡಾವಣೆಯ ಕೆರೆ ಹೂಳೆತ್ತಿ 2 ವರ್ಷ ಆಯ್ತು. ನೀರು ತರುವ ರಾಜಕಾಲುವೆಗೂ ಕಾಂಕ್ರೀಟ್ ಹಾಕಿದ್ದಾರೆ. ಮೊದಲು ದಡದಲ್ಲಿ ಕಪ್ಪೆಚಿಪ್ಪು, ಬಸವನಹುಳು ಸಿಗುತ್ತಿದ್ದವು. ಈಗ ಕೆಸರಲ್ಲಿ ಬರೀ ಕೆಂಪು ಹುಳು. ಇವು ಸೊಳ್ಳೆ ಮರಿಗಳಾ? ಉಳಿದವು ಏನಾದವು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಸೊಳ್ಳೆ ಮರಿಗಳಲ್ಲ, ಹೆದರಬೇಡಿ. ಸಂಜೆ ದೀಪಕ್ಕೆ ಮುತ್ತುವ, ಕಚ್ಚದ ಸಣ್ಣ ಹುಳಗಳಿವೆ ಅಲ್ವಾ? ಅವುಗಳ ಮರಿ ಇರಬೇಕು. ಒಂದು ಹಿಡಿ ಕೆಸರನ್ನು ಬಿಳಿ ತಟ್ಟೆಗೆ ಹಾಕಿ ನೀರು ಬೆರೆಸಿ. ದಾರದೆಳೆಯಂಥ ಹುಳು ಮೈ ನುಲಿಯುತ್ತಾ ಮೇಲೆ ಬರುತ್ತದೆ. ಆ ಕೆಂಪು ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್. ಹಾಗಾಗಿ ಆಮ್ಲಜನಕ ತೀರಾ ಕಡಿಮೆ ಇದ್ದರೂ ಇದು ಬದುಕುತ್ತದೆ. ಬೇರೆ ಯಾವುದೂ ಇಲ್ಲದೆ ಇದೊಂದೇ ಸಿಕ್ಕರೆ ಕೆರೆಯ ತಳಕ್ಕೆ ಉಸಿರು ಸಾಲುತ್ತಿಲ್ಲ ಎಂದೇ ನನ್ನ ಲೆಕ್ಕ. ಕಾಲುವೆಗೆ ಒಳಚರಂಡಿ ನೀರು ಸೇರುತ್ತಿದೆಯಾ, ಮೊದಲು ಅದನ್ನು ನೋಡಿ.

ಕಪ್ಪೆಚಿಪ್ಪಿನ ಕಥೆ ಬೇರೆ. ಅದರ ಮರಿ ಹುಟ್ಟಿದ ಮೇಲೆ ಕೆಲವು ದಿನ ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡೇ ಬೆಳೆಯಬೇಕು. ಮೀನು ಹೋದಲ್ಲಿಗೆ ಅದೂ ಹೋಗಿ, ಕೆಸರಿಗೆ ಉದುರಿ ಬೇರು ಬಿಟ್ಟಂತೆ ಕೂರುತ್ತದೆ. ಹೂಳಿನ ಜೊತೆ ದೊಡ್ಡ ಚಿಪ್ಪುಗಳೆಲ್ಲ ಲಾರಿ ಹತ್ತಿದವು. ಹೊಸದು ಬರಬೇಕಾದರೆ ಮೇಲಿನ ಕೆರೆಯಿಂದ ಮೀನು ಬರಬೇಕು. ನಮ್ಮೂರಿಗೆ ದೊಡ್ಡ ನದಿ ಇಲ್ಲ. ಕೋರಮಂಗಲ, ಹೆಬ್ಬಾಳ, ವೃಷಭಾವತಿ ಕಣಿವೆಗಳಲ್ಲಿ ಕೆರೆಯಿಂದ ಕೆರೆಗೆ ಇಳಿಯುವ ಈ ಕಾಲುವೆಗಳೇ ನಮ್ಮ ಹೊಳೆಗಳು.

ನಮ್ಮ ಮನೆ ಹತ್ತಿರದ ಕಾಲುವೆ ಮಣ್ಣಿನದಾಗಿದ್ದಾಗ ಟೀ ಸೋಸುವ ಜರಡಿ ಹಿಡಿದು ಅಲ್ಲೇ ಕೂರುತ್ತಿದ್ದೆ. ಒಂದು ಕಲ್ಲು ಎತ್ತಿದರೆ ಹೆಲಿಕಾಪ್ಟರ್ ಚಿಟ್ಟೆಯ ಮರಿ ಸಿಗುತ್ತಿತ್ತು. ಕೆಳದುಟಿಯನ್ನು ಫಟ್ಟನೆ ಮುಂದೆ ಚಾಚಿ ಸೊಳ್ಳೆ ಮರಿ ಹಿಡಿಯುವುದನ್ನು ಅಲ್ಲೇ ಕಣ್ಣಾರೆ ನೋಡಿದ್ದು. ಕಾಂಕ್ರೀಟ್ ಬಿದ್ದ ಮೇಲೆ ಅಡಗಲು ಕಲ್ಲಿಲ್ಲ, ಬೇರಿಲ್ಲ. ಮಳೆ ನೀರು ಒಂದೇ ಸಲ ರಭಸದಿಂದ ನುಗ್ಗಿ ಎಲ್ಲವನ್ನೂ ಗುಡಿಸಿಕೊಂಡು ಹೋಗುತ್ತದೆ. ಮಳೆ ನಿಂತರೆ ಕಾಲುವೆ ಒಣ. ನನಗೆ ಈಗಲೂ ಆ ಜಾಗ ದಾಟುವಾಗ ಹೊಟ್ಟೆ ಉರಿಯುತ್ತದೆ.

ಕೆರೆಯ ಅಂಚನ್ನೂ ನೋಡಿ. ಬಟ್ಟಲಿನ ಹಾಗೆ ನೇರ ಕಡಿದಿದ್ದರೆ ಮೊಣಕಾಲುದ್ದದ ನೀರೇ ಇರುವುದಿಲ್ಲ. ಬಸವನಹುಳುವಿಗೆ ಆ ತೆಳು ನೀರು, ಜೊಂಡು ಬೇಕು. ಒಂದು ಕಡೆಯಾದರೂ ದಡವನ್ನು ಇಳಿಜಾರು ಮಾಡಿ, ಜೊಂಡು ಕೀಳದೆ ಬಿಡಿ ಎಂದು ಕೆರೆ ಸಮಿತಿಯವರನ್ನು ಕೇಳಿ. ಮುಂದಿನ ಸಲ ಹೂಳೆತ್ತುವಾಗ ಅರ್ಧ ಕೆರೆ ಮಾತ್ರ ಎತ್ತಲಿ. ಉಳಿದರ್ಧದಿಂದ ಹುಳುಗಳು ತಾವೇ ಹರಡಿಕೊಳ್ಳುತ್ತವೆ.